ನಮ್ಮ ಗಾಣದ ನೆಲದಿಂದ ಎಣ್ಣೆ ಕಲೆ ತೆಗೆದದ್ದು ಹೀಗೆ

ತಿಪಟೂರಿನಲ್ಲಿ ನಮ್ಮದೊಂದು ಚಿಕ್ಕ ಗಾಣ ಇದೆ. ಕೊಬ್ಬರಿ, ಕಡಲೆಕಾಯಿ, ಹುಚ್ಚೆಳ್ಳು ಆಡಿಸಿ ಕೊಡುತ್ತೇವೆ. ಮೂರು ವರ್ಷದ ಹಿಂದೆ ಈ ಶೆಡ್ ಬಾಡಿಗೆಗೆ ಹಿಡಿದೆವು. ಅದಕ್ಕೆ ಮೊದಲು ಇಲ್ಲಿ ಬೈಕ್ ಗ್ಯಾರೇಜ್ ಇತ್ತು. ಕಾಂಕ್ರೀಟ್ ನೆಲ. ಷಟರ್ ಎತ್ತಿದ ತಕ್ಷಣ ಕಣ್ಣಿಗೆ ಬಿದ್ದದ್ದು ಕರಿ ಮಚ್ಚೆಗಳು. ಎಣಿಸಿದೆ, 11 ಇದ್ದವು. ಕೆಲವು ಅಂಗೈಯಷ್ಟು, ಕೆಲವು ಊಟದ ತಟ್ಟೆಯಷ್ಟು, ಬಾಗಿಲ ಹತ್ತಿರದ್ದು ಮೊರದಷ್ಟು ದೊಡ್ಡದು. ನಮ್ಮ ಅತ್ತೆ ಒಂದು ಸುತ್ತು ಹಾಕಿ, "ತಿನ್ನೋ ಎಣ್ಣೆ ಮಾಡೋ ಜಾಗ ಕಣಮ್ಮ ಇದು, ಈ ನೆಲದ ಮೇಲೆ ಹೆಂಗೆ ಕೊಬ್ಬರಿ ಸುರೀತೀಯ?" ಅಂದರು. ಅವರು ಹೇಳಿದ್ದು ಸರಿ ಇತ್ತು. ಫುಡ್ ಲೈಸೆನ್ಸ್‌ಗೆ ಅರ್ಜಿ ಹಾಕುವ ಮೊದಲು ನೆಲ ಸರಿ ಮಾಡಲೇಬೇಕಿತ್ತು.

ಅಲ್ಲಿಂದ ಶುರುವಾಯಿತು ನನ್ನ ನೆಲ ತಿಕ್ಕುವ ಕೆಲಸ. ಮೊದಲ ಎರಡು ವಾರ ಮಾಡಿದ್ದೆಲ್ಲ ತಪ್ಪು. ಆಮೇಲೆ ನಿಧಾನವಾಗಿ ದಾರಿ ಗೊತ್ತಾಯಿತು. ಈಗ ನಮ್ಮ ಗಾಣದಲ್ಲಿ ವಾರಕ್ಕೆ ಒಂದು ಸಲವಾದರೂ ಎಣ್ಣೆ ಚೆಲ್ಲುತ್ತದೆ, ಆದರೆ ಕಲೆ ಉಳಿಯುವುದಿಲ್ಲ. ಮನೆ ಮುಂದೆ ಬೈಕ್ ನಿಲ್ಲಿಸುವ ಪೋರ್ಟಿಕೋ ಇರಲಿ, ಅಡುಗೆಮನೆ ಹಿಂದಿನ ಸಿಮೆಂಟ್ ಜಗಲಿ ಇರಲಿ, ಕೆಲಸ ಒಂದೇ.

ಕಾಂಕ್ರೀಟ್ ನೋಡಲು ಬಂಡೆ ಥರ ಇದ್ದರೂ ಒಳಗೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳು. ಸಿಮೆಂಟ್ ಕಲಸುವಾಗ ಹಾಕಿದ ನೀರಿನಲ್ಲಿ ಸ್ವಲ್ಪ ಸಿಮೆಂಟಿಗೆ ಸೇರಿಕೊಂಡು ಗಟ್ಟಿಯಾಗುತ್ತದೆ, ಮಿಕ್ಕಿದ್ದು ಆರಿ ಹೋಗುತ್ತದೆ. ಆ ನೀರು ಇದ್ದ ಜಾಗ ಖಾಲಿ ಉಳಿಯುತ್ತದೆ. ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ಆ ತೂತುಗಳು ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತವೆ. ಮೇಲೆ ಎಷ್ಟು ನೀರು ಸುರಿದು ತಿಕ್ಕಿದರೂ ಒಳಗಿನದು ಅಲ್ಲೇ ಇರುತ್ತದೆ. ಅದನ್ನು ಹೊರಗೆ ತರಬೇಕಾದರೆ ಕಾಂಕ್ರೀಟಿಗಿಂತ ಜೋರಾಗಿ ಹೀರುವ ಇನ್ನೊಂದು ಬತ್ತಿಯನ್ನು ಮೇಲಿಂದ ಇಡಬೇಕು. ಮುಂದೆ ಹೇಳುವ ಹೊಟ್ಟು, ಬೂದಿ, ಮಣ್ಣು ಎಲ್ಲ ಮಾಡುವುದು ಇದನ್ನೇ.

ಮೊದಲು ಎಣ್ಣೆ ಯಾವುದು ಅಂತ ನೋಡಿ

ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಎಲ್ಲ ಎಣ್ಣೆಗೂ ಒಂದೇ ಮದ್ದು ಅಂದುಕೊಂಡಿದ್ದೆ.

ಕೊಬ್ಬರಿ, ಕಡಲೆಕಾಯಿ, ಸೂರ್ಯಕಾಂತಿ ಥರದ ಅಡುಗೆ ಎಣ್ಣೆಗೆ ಸೋಡಾನೋ ಬೂದಿಯ ನೀರೋ ತಾಗಿದರೆ ಸ್ವಲ್ಪ ಸ್ವಲ್ಪವಾಗಿ ಸೋಪಾಗುತ್ತದೆ. ಸೋಪು ಮಾಡುವುದೇ ಎಣ್ಣೆಗೆ ಕ್ಷಾರ ಸೇರಿಸಿ, ಅಲ್ವಾ? ಸೋಪಾದ ಎಣ್ಣೆ ನೀರಿನ ಜೊತೆ ಎದ್ದು ಬರುತ್ತದೆ. ನಮ್ಮ ಅಜ್ಜಿಯರು ಬೂದಿ ಹಾಕಿ ಜಿಡ್ಡಿನ ಪಾತ್ರೆ ಬೆಳಗುತ್ತಿದ್ದದ್ದು ಇದಕ್ಕೇ. ಎಂಜಿನ್ ಆಯಿಲ್ ಹಾಗಲ್ಲ. ಅದು ಭೂಮಿಯೊಳಗಿನ ಕಚ್ಚಾ ತೈಲದಿಂದ ಬಂದದ್ದು, ಎಷ್ಟು ಸೋಡಾ ಹಾಕಿದರೂ ಸೋಪಾಗುವುದಿಲ್ಲ. ಅದನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಬಿಡಿಸಬೇಕು, ಆಮೇಲೆ ಮಣ್ಣಿಗೆ ಹೀರಿಸಬೇಕು.

ಅಡುಗೆ ಎಣ್ಣೆಗಳಲ್ಲೂ ವ್ಯತ್ಯಾಸ ಇದೆ. ಕೊಬ್ಬರಿ ಎಣ್ಣೆ ಎಷ್ಟು ದಿನ ಇದ್ದರೂ ಎಣ್ಣೆಯಾಗಿಯೇ ಇರುತ್ತದೆ. 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ನಮ್ಮ ಶೆಡ್ಡಿನಲ್ಲಿ ರಾತ್ರಿ ಚೆಲ್ಲಿದ ಕೊಬ್ಬರಿ ಎಣ್ಣೆ ನೆಲದ ಮೇಲೆ ಮೇಣದ ಥರ ಬೆಳ್ಳಗೆ ಕೂತಿರುತ್ತದೆ. ಆಗ ಬಿಸಿನೀರು ಸುರಿಯಬೇಡಿ. ಗೋಡೆಗೆ ಪುಟ್ಟಿ ಹಚ್ಚುವ ಪಟ್ಟಿ ತಗೊಂಡು ಕೆರೆದರೆ ಮುಕ್ಕಾಲು ಪಾಲು ಹಾಗೇ ಎದ್ದು ಬರುತ್ತದೆ. ಬಿಸಿಲು ಏರುವ ಮೊದಲು ಮಾಡಬೇಕು, ಅಷ್ಟೆ. ಅಗಸೆ ಎಣ್ಣೆ ಇದಕ್ಕೆ ಪೂರ್ತಿ ಉಲ್ಟಾ. ಗಾಳಿ ತಾಗಿ ತಾಗಿ ಅದು ಅಂಟಾಗಿ, ಕೊನೆಗೆ ಬಣ್ಣದ ಪೊರೆ ಹಾಗೆ ಗಟ್ಟಿಯಾಗುತ್ತದೆ. ಹುಚ್ಚೆಳ್ಳೆಣ್ಣೆಯೂ ನೆಲದ ಮೇಲೆ ಬಿಟ್ಟರೆ ಅಂಟಂಟಾಗುತ್ತದೆ. ಇವು ಚೆಲ್ಲಿದರೆ ಅದೇ ದಿನ ತೆಗೆಯಿರಿ. ತಿಂಗಳು ಬಿಟ್ಟರೆ ತಿಕ್ಕಿ ತಿಕ್ಕಿ ಕೈ ಸೋಲುತ್ತದೆ.

ಕಲೆ ಎಲ್ಲಿಯವರೆಗೆ ಹರಡಿದೆ ಅಂತ ತಿಳಿಯಲು ಒಣಗಿದ ನೆಲದ ಮೇಲೆ ಚಮಚದಲ್ಲಿ ನೀರು ಹನಿಸಿ ನೋಡಿ. ಒಳ್ಳೆಯ ಕಾಂಕ್ರೀಟ್ ನೀರನ್ನು ಕುಡಿದು ಕಪ್ಪಗಾಗುತ್ತದೆ. ಎಣ್ಣೆ ಇರುವ ಕಡೆ ನೀರು ಕೆಸುವಿನ ಎಲೆ ಮೇಲಿನ ಹನಿಯ ಹಾಗೆ ಗುಂಡಗೆ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಕಲೆಗಿಂತ ಎರಡು ಬೆರಳು ಆಚೆಗೂ ಎಣ್ಣೆ ಇರುವುದು ಆಗ ಗೊತ್ತಾಗುತ್ತದೆ. ಬಳಪದಲ್ಲಿ ಸುತ್ತ ಗೆರೆ ಎಳೆದುಕೊಳ್ಳಿ.

ಈಗಷ್ಟೇ ಚೆಲ್ಲಿದ್ದರೆ

ಹೋದ ವರ್ಷ ಒಂದು ಸಂಜೆ 15 ಕಿಲೋ ಕಡಲೆಕಾಯಿ ಎಣ್ಣೆಯ ಟಿನ್ ಮಗುಚಿ ಬಿತ್ತು. ಎತ್ತಿ ನಿಲ್ಲಿಸುವಷ್ಟರಲ್ಲಿ ಅರ್ಧ ಖಾಲಿ. ನಮ್ಮ ಯಜಮಾನರು ಗಾಬರಿಯಲ್ಲಿ ಬಕೆಟ್ ನೀರು ತರಲು ಓಡಿದರು. ನಾನು ತಡೆದೆ. ನೀರು ಸುರಿದರೆ ಎಣ್ಣೆ ಅದರ ಮೇಲೆ ತೇಲಿಕೊಂಡು ಇಡೀ ಶೆಡ್ ತುಂಬ ಹೋಗುತ್ತದೆ. ಬಟ್ಟೆಯಲ್ಲಿ ಉಜ್ಜಿದರೂ ಅಷ್ಟೆ, ಅಷ್ಟಗಲ ಬಳಿದು ಒಳಗೆ ಒತ್ತಿದ ಹಾಗಾಗುತ್ತದೆ.

ಮೊದಲು ಎಣ್ಣೆಯ ಅಂಚಿನ ಸುತ್ತ ಹೊಟ್ಟಿನ ಕಟ್ಟೆ ಕಟ್ಟಿ. ಆಮೇಲೆ ಮೇಲೆ ನಿಂತ ಎಣ್ಣೆಯನ್ನು ಕಸದ ಮೊರದಿಂದ ಬಾಚಿ ಒಂದು ಹಳೇ ಡಬ್ಬಕ್ಕೆ ಹಾಕಿ. ಮಿಕ್ಕಿದ್ದರ ಮೇಲೆ ಹೊಟ್ಟು ಸುರಿಯಿರಿ, ಎರಡು ಬೆರಳು ದಪ್ಪ ಇರಲಿ. ಹಳೇ ಚಪ್ಪಲಿ ಹಾಕಿಕೊಂಡು ಅದರ ಮೇಲೆ ನಿಧಾನವಾಗಿ ತುಳಿಯಿರಿ. ಜಾರುತ್ತದೆ, ಗೋಡೆ ಹಿಡಿದುಕೊಳ್ಳಿ. ಅರ್ಧ ಗಂಟೆಗೆ ಹೊಟ್ಟು ಒದ್ದೆ ಮರಳಿನ ಹಾಗೆ ಮುದ್ದೆಯಾಗುತ್ತದೆ. ಅದನ್ನು ಬಾಚಿ ತೆಗೆದು ಹೊಸ ಹೊಟ್ಟು ಹಾಕಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಗುಡಿಸಿದರೆ ಜಿಡ್ಡಿನ ನೆರಳು ಮಾತ್ರ ಉಳಿದಿರುತ್ತದೆ. ಅವತ್ತು ನಮಗೆ ಎರಡು ಚೀಲ ಹೊಟ್ಟು ಹಿಡಿಯಿತು.

ಹೊಟ್ಟು ಅಂದರೆ ಸಾ ಮಿಲ್ಲಿನ ಮರದ ಹೊಟ್ಟು ಚೆನ್ನಾಗಿರುತ್ತದೆ. ನಮ್ಮ ಕಡೆ ನಾರಿನ ಫ್ಯಾಕ್ಟರಿಗಳು ಜಾಸ್ತಿ, ಹಾಗಾಗಿ ನಾನು ಉಪಯೋಗಿಸುವುದು ತೆಂಗಿನ ನಾರಿನ ಪುಡಿ. ಚೆನ್ನಾಗಿ ಹೀರುತ್ತದೆ, ಆದರೆ ಪೂರ್ತಿ ಒಣಗಿರಬೇಕು. ಒದ್ದೆಯಾದರೆ ಅದರಿಂದ ಟೀ ಡಿಕಾಕ್ಷನ್ ಥರ ಕಂದು ನೀರು ಬಿಡುತ್ತದೆ, ನೆಲಕ್ಕೆ ಇನ್ನೊಂದು ಕಲೆ. ಏನೂ ಸಿಗದಿದ್ದರೆ ಒಣ ಸಿಮೆಂಟ್ ಪುಡಿ ಅಥವಾ ಜರಡಿ ಹಿಡಿದ ಒಲೆ ಬೂದಿ ಹಾಕಿ. ಬೂದಿಯನ್ನು ಜರಡಿ ಹಿಡಿಯಲೇಬೇಕು. ಇದ್ದಿಲ ಚೂರು ಇದ್ದರೆ ತುಳಿದಾಗ ಕರಿ ಗೀರು ಬೀಳುತ್ತದೆ. ಸಿಮೆಂಟ್ ಹಾಕಿದರೆ ನೀರು ತಾಗುವ ಮೊದಲು ಪೂರ್ತಿ ಗುಡಿಸಿ ತೆಗೆಯಿರಿ. ರಂಗೋಲಿ ಪುಡಿಯನ್ನೂ ಹಾಕಿ ನೋಡಿದ್ದೇನೆ, ಅದು ಕಲ್ಲಿನ ಪುಡಿ, ಅಷ್ಟು ಹೀರುವುದಿಲ್ಲ.

ಹಳೇ ಅಡುಗೆ ಎಣ್ಣೆ ಕಲೆ

ಇದಕ್ಕೆ ವಾಷಿಂಗ್ ಸೋಡಾ ಸಾಕು. ಅಡುಗೆ ಸೋಡಾ ಬೇರೆ, ಅದು ಇಷ್ಟು ಜೋರಿಲ್ಲ. ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ಸೋಡಾ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕರಗಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿಂದು ಕರ್ರಗೆ ಮಾಡುತ್ತದೆ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಳ್ಳಿ. ಮೊದಲ ದಿನ ನಾನು ಬರಿಗೈಯಲ್ಲಿ ತಿಕ್ಕಿ, ಎರಡು ದಿನ ಬೆರಳ ತುದಿ ಬಿರಿದು ಉರಿಯುತ್ತಿತ್ತು.

ಮೇಲಿನ ಜಿಡ್ಡನ್ನು ಮೊದಲು ಪಟ್ಟಿಯಲ್ಲಿ ಕೆರೆದು ತೆಗೆಯಿರಿ. ಸೋಡಾ ನೀರನ್ನು ಬಿಸಿ ಇರುವಾಗಲೇ ಸುರಿದು ಅರ್ಧ ಗಂಟೆ ಬಿಡಿ. ಒಣಗಲು ಬಿಡಬೇಡಿ, ನಡುವೆ ಇನ್ನೊಂದಿಷ್ಟು ಸುರಿಯುತ್ತಿರಿ. ಆಮೇಲೆ ಗಡಸು ಪ್ಲಾಸ್ಟಿಕ್ ಬ್ರಷ್‌ನಲ್ಲಿ ಹೊರಗಿನಿಂದ ಒಳಕ್ಕೆ ತಿಕ್ಕಿ. ಒಳಗಿನಿಂದ ಹೊರಕ್ಕೆ ತಿಕ್ಕಿದರೆ ಕಲೆ ದೊಡ್ಡದಾಗುತ್ತದೆ. ನೊರೆ ಹಳದಿಯಾಗಿ, ಕೈಗೆ ಸೋಪಿನ ಹಾಗೆ ಜಾರತೊಡಗಿದರೆ ಎಣ್ಣೆ ಬಿಡುತ್ತಿದೆ ಅಂತ ಅರ್ಥ. ಆ ನೀರನ್ನು ಅಲ್ಲೇ ಬಿಟ್ಟರೆ ತೂತುಗಳು ಮತ್ತೆ ಕುಡಿಯುತ್ತವೆ. ತಕ್ಷಣ ಹಳೇ ಬಟ್ಟೆಗೆ ಹೀರಿಸಿ ಬಕೆಟ್ಟಿಗೆ ಹಿಂಡಿ. ಕೊನೆಗೆ ಬರೀ ಬಿಸಿನೀರಿನಲ್ಲಿ ಎರಡು ಸಲ ತೊಳೆಯಿರಿ. ಸೋಡಾ ಉಳಿದರೆ ಒಣಗಿದ ಮೇಲೆ ನೆಲದ ಮೇಲೆ ಬಿಳಿ ಉಪ್ಪು ಹೂವಿನ ಹಾಗೆ ಏಳುತ್ತದೆ.

ಮನೆಯಲ್ಲಿ ಸೌದೆ ಒಲೆ ಇದ್ದರೆ ಬೂದಿಯೂ ಆಗುತ್ತದೆ. ನಮ್ಮ ಅತ್ತೆ ಈಗಲೂ ತೆಂಗಿನ ಸಿಪ್ಪೆಯ ಬೂದಿಯನ್ನು ಬಿಸಿನೀರಿನಲ್ಲಿ ಕಲಸಿ ಅಡುಗೆಮನೆ ಹಿಂದಿನ ಜಗಲಿಗೆ ಹಾಕುತ್ತಾರೆ. ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಷ್ ಜಾಸ್ತಿ, ಅದೇ ಕೆಲಸ ಮಾಡುವುದು.

ಎಂಜಿನ್ ಆಯಿಲ್‌ಗೆ ಮಣ್ಣಿನ ಪಟ್ಟು

ಗ್ಯಾರೇಜ್ ಕಾಲದ ಆ 11 ಮಚ್ಚೆಗೆ ಸೋಡಾ ನೀರು ಏನೂ ಮಾಡಲಿಲ್ಲ. ಮೇಲಿನ ಧೂಳು ಹೋಯಿತು, ಕಪ್ಪು ಹಾಗೇ ಇತ್ತು. ದಾರಿ ತೋರಿಸಿದ್ದು ಪಟ್ಟು. ಮೈಗೆ ಬಾವು ಬಂದರೆ ಪಟ್ಟು ಹಾಕುತ್ತೇವಲ್ಲ, ಹಾಗೇ ನೆಲಕ್ಕೂ ಹಾಕಬೇಕು.

ಮೊದಲು ಒಣ ನೆಲದ ಮೇಲೆಯೇ, ನೀರು ಹಾಕದೆ, ಪಾತ್ರೆ ತೊಳೆಯುವ ಲಿಕ್ವಿಡ್ ಸುರಿದು ಬ್ರಷ್‌ನಲ್ಲಿ ತಿಕ್ಕಿ. ನೀರು ಮೊದಲು ಹೋದರೆ ತೂತುಗಳಲ್ಲಿ ಅದು ಕೂತುಬಿಡುತ್ತದೆ, ಲಿಕ್ವಿಡ್‌ಗೆ ಜಾಗ ಸಿಗುವುದಿಲ್ಲ. ಹತ್ತು ನಿಮಿಷ ತಿಕ್ಕಿ, ಹತ್ತು ನಿಮಿಷ ಬಿಡಿ. ಆಮೇಲೆ ಒಂದು ಚೊಂಬು ಕುದಿಯುವ ನೀರು ಸುರಿದು ಮತ್ತೆ ತಿಕ್ಕಿ. ನೊರೆ ಕಪ್ಪಗಾಗುತ್ತದೆ. ಬಟ್ಟೆಯಲ್ಲಿ ತೆಗೆದುಬಿಡಿ. ಹೀಗೆ ಎರಡು ಸಲ ಮಾಡಿ, ಒಂದು ದಿನ ನೆಲ ಒಣಗಲು ಬಿಡಿ.

ಪಟ್ಟಿಗೆ ಮುಲ್ತಾನಿ ಮಿಟ್ಟಿ ಬೇಕು. ಮುಖಕ್ಕೆ ಹಚ್ಚುವ ಅದೇ ಮಣ್ಣು. ಹಿಂದೆ ಉಣ್ಣೆಯ ಜಿಡ್ಡು ತೆಗೆಯಲು ಇದೇ ಜಾತಿಯ ಮಣ್ಣು ಹಾಕುತ್ತಿದ್ದರಂತೆ, ಮುಖದ ಜಿಡ್ಡಿಗೂ ಅದಕ್ಕೇ ಹಚ್ಚುವುದು. ಸಣ್ಣ ಪೊಟ್ಟಣ ತಗೊಂಡರೆ ದುಬಾರಿ, ಗ್ರಂಥಿಗೆ ಅಂಗಡಿಯಲ್ಲಿ ಬಿಡಿಯಾಗಿ ತೂಕಕ್ಕೆ ಸಿಗುತ್ತದೆ. ಊಟದ ತಟ್ಟೆಯಷ್ಟು ಕಲೆಗೆ ಸುಮಾರು ಒಂದು ಕಿಲೋ ಬೇಕಾಗುತ್ತದೆ. ಮೇಲೆ ಹೇಳಿದ ಅಳತೆಯ ಸೋಡಾ ನೀರಿಗೆ ಎರಡು ಚಮಚ ಲಿಕ್ವಿಡ್ ಸೇರಿಸಿ, ಆ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಮಣ್ಣು ಕಲಸಿ. ಹದ ರಾಗಿ ರೊಟ್ಟಿ ಹಿಟ್ಟಿನ ಹಾಗಿರಲಿ. ನೀರಾದರೆ ಹರಿಯುತ್ತದೆ, ಗಟ್ಟಿಯಾದರೆ ನೆಲಕ್ಕೆ ಕೂರುವುದಿಲ್ಲ.

ಬಳಪದ ಗೆರೆಯಿಂದ ಎರಡು ಇಂಚು ಆಚೆವರೆಗೂ ಬರುವ ಹಾಗೆ ಅದನ್ನು ರೊಟ್ಟಿ ತಟ್ಟುವಂತೆ ತಟ್ಟಿ. ದಪ್ಪ ಅರ್ಧ ಇಂಚು. ನಡುವೆ ಗಾಳಿ ಉಳಿಯಬಾರದು, ಅಂಗೈಯಿಂದ ಚೆನ್ನಾಗಿ ಒತ್ತಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಟೇಪ್ ಹಾಕಿ, ಅಥವಾ ಸುತ್ತ ಇಟ್ಟಿಗೆ ಇಡಿ. ಪೂರ್ತಿ ಒಂದು ದಿನ ಹಾಗೇ ಇರಲಿ. ಆ ಹೊತ್ತಿನಲ್ಲಿ ಸೋಡಾ, ಲಿಕ್ವಿಡ್ ಎಲ್ಲ ಒಳಗಿಳಿದು ಎಣ್ಣೆಯನ್ನು ಸಡಿಲ ಮಾಡುತ್ತವೆ. ಮರುದಿನ ಹಾಳೆ ತೆಗೆದುಬಿಡಿ. ಇನ್ನು ಮಣ್ಣು ಒಣಗುವವರೆಗೆ ಮುಟ್ಟಬೇಡಿ. ಬೇಸಿಗೆಯಲ್ಲಿ ಒಂದು ದಿನ, ಮಳೆಗಾಲದಲ್ಲಿ ಮೂರು ದಿನವೂ ಹಿಡಿಯಬಹುದು. ನೀರು ಮೇಲಕ್ಕೆ ಬಂದು ಆರುತ್ತಾ ಹೋದ ಹಾಗೆ ಎಣ್ಣೆಯನ್ನೂ ಜೊತೆಗೆ ಎಳೆದು ತರುತ್ತದೆ. ಅವಸರ ಮಾಡಿ ಒದ್ದೆ ಇರುವಾಗಲೇ ತೆಗೆದರೆ ಪಟ್ಟು ಹಾಕಿದ್ದೇ ದಂಡ.

ನಾನು ಹಾಕಿದ ಮೊದಲ ಪಟ್ಟು ಮೂರನೇ ದಿನ ಬತ್ತಿದ ಕೆರೆಯ ಹಾಗೆ ಬಿರಿದಿತ್ತು. ಅಂಚುಗಳು ಮೇಲಕ್ಕೆ ಸುರುಳಿಯಾಗಿದ್ದವು. ಒಂದು ಹೆಕ್ಕಳಿಕೆ ಎತ್ತಿ ತಿರುಗಿಸಿ ನೋಡಿದೆ. ಮೇಲ್ಮೈ ಕೆನೆ ಬಣ್ಣ, ತಳ ಕಾಫಿ ಡಿಕಾಕ್ಷನ್ ಬಣ್ಣ. ಮೂಸಿದರೆ ಗ್ಯಾರೇಜಿನ ವಾಸನೆ. ಎಷ್ಟೋ ವರ್ಷದಿಂದ ಒಳಗೆ ಕೂತಿದ್ದ ಎಣ್ಣೆ ನನ್ನ ಕೈಯಲ್ಲಿತ್ತು. ಅತ್ತೆಯನ್ನು ಕೂಗಿ ಕರೆದು ತೋರಿಸಿದೆ. ಅವರು ಉಗುರಿನಿಂದ ಕೆರೆದು ನೋಡಿ, "ಇನ್ನೊಂದು ಸಲ ಹಾಕು, ಬಿಡಬೇಡ" ಅಂದರು.

ಒಂದೇ ಪಟ್ಟಿಗೆ ಕಲೆ ಪೂರ್ತಿ ಹೋಗುವುದಿಲ್ಲ. ಸಣ್ಣ ಮಚ್ಚೆಗಳಿಗೆ ಎರಡು, ತಟ್ಟೆಯಂಥವಕ್ಕೆ ಮೂರು ನಾಲ್ಕು ಸಲ ಹಾಕಿದೆ. ಪ್ರತಿ ಸಲ ಹೊಸ ಮಣ್ಣೇ ಹಾಕಬೇಕು. ಹಳೇ ಮಣ್ಣನ್ನು ಮತ್ತೆ ಕಲಸಿದರೆ ತೆಗೆದ ಎಣ್ಣೆಯನ್ನೇ ವಾಪಸ್ ಕೊಟ್ಟ ಹಾಗೆ. ಪಟ್ಟಿನ ತಳ ಕೆನೆ ಬಣ್ಣದಲ್ಲೇ ಬಂದರೆ ಸಾಕು, ಅಲ್ಲಿಗೆ ನಿಲ್ಲಿಸಿ. ತೊಳೆದು ಒಣಗಿಸಿ ನೀರು ಹನಿಸಿ ನೋಡಿ. ಹನಿ ಇಳಿದರೆ ನೆಲ ಗೆದ್ದಿತು. ಬಣ್ಣದ ನೆರಳು ಸ್ವಲ್ಪ ಉಳಿಯಬಹುದು, ಅದು ಬರೀ ಬಣ್ಣ, ಜಿಡ್ಡಲ್ಲ. ಆದರೆ ಏಪ್ರಿಲ್ ಬಿಸಿಲಿನಲ್ಲಿ ಇನ್ನೊಂದು ಸಲ ನೋಡಿ. ನೆಲ ಕಾದರೆ ಆಳದ ಎಣ್ಣೆ ತೆಳುವಾಗಿ ಮೇಲಕ್ಕೆ ಬರುತ್ತದೆ. ನಮ್ಮಲ್ಲಿ ನಾಲ್ಕು ಕಡೆ ಹಾಗೆ ಮತ್ತೆ ಕಪ್ಪಾಯಿತು. ಆಗ ಹಾಕಿದ ಪಟ್ಟು ಎಲ್ಲಕ್ಕಿಂತ ಚೆನ್ನಾಗಿ ಎಳೆಯಿತು. ನಿಮಗೆ ಆಯ್ಕೆ ಇದ್ದರೆ ಈ ಕೆಲಸವನ್ನು ಬೇಸಿಗೆಗೇ ಇಟ್ಟುಕೊಳ್ಳಿ.

ಮಾಡಬಾರದ್ದು

ಆಸಿಡ್ ಬೇಡ. ಒಂದು ಅಂಗಡಿಯಲ್ಲಿ "ಆಸಿಡ್ ಹಾಕಿ, ಎಲ್ಲ ಹೋಗುತ್ತೆ" ಅಂದರು, ನಾನು ನಂಬಿ ಹಾಕಿದೆ. ಬುಸ್ ಅಂತ ನೊರೆ ಬಂತು, ಹೊಗೆ ಬಂತು, ಕಣ್ಣು ಉರಿಯಿತು. ನೊರೆ ಬಂದದ್ದು ಎಣ್ಣೆ ಕರಗಿ ಅಲ್ಲ, ಸಿಮೆಂಟ್ ಕರಗಿ. ಆಸಿಡ್ ಎಣ್ಣೆಯನ್ನು ಮುಟ್ಟುವುದೇ ಇಲ್ಲ. ಆ ಜಾಗದಲ್ಲಿ ಈಗಲೂ ಗುಡಿಸಿದರೆ ಮರಳು ಬರುತ್ತದೆ. ಶಹಾಬಾದ್ ಕಲ್ಲಿನ ನೆಲಕ್ಕಂತೂ ಆಸಿಡ್ ತೋರಿಸಲೂ ಬೇಡಿ. ಅದು ಸುಣ್ಣದ ಕಲ್ಲು, ಮೈಯೆಲ್ಲ ತಿಂದುಹೋಗುತ್ತದೆ. ಇನ್ನು ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಅದು ಪ್ರಾಣಕ್ಕೇ ಬರುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಕೂಡ ಬೇಡ. ಬಾಗಿಲ ಹತ್ತಿರದ ಕಲೆ ಮೊದಲು ತಟ್ಟೆಯಷ್ಟೇ ಇದ್ದಿರಬೇಕು. ಯಾರೋ ಸೀಮೆಎಣ್ಣೆ ಹಾಕಿ ಒರೆಸಿದ್ದರಂತೆ, ಎಣ್ಣೆ ತೆಳುವಾಗಿ ಇನ್ನೂ ಆಳಕ್ಕೆ, ಇನ್ನೂ ಅಗಲಕ್ಕೆ ಹೋಗಿದೆ. ಏಳು ಪಟ್ಟು ಹಾಕಿದರೂ ಅದು ಪೂರ್ತಿ ಹೋಗಲಿಲ್ಲ. ಬೆಂಕಿಯ ಭಯ ಬೇರೆ. ಪೆಟ್ರೋಲಿನ ಆವಿ ನೆಲದ ಮಟ್ಟದಲ್ಲೇ ಹರಡುತ್ತದೆ, ಮೂಲೆಯ ಸ್ವಿಚ್ಚಿನ ಕಿಡಿ ಸಾಕು.

ತಂತಿ ಬ್ರಷ್‌ನಿಂದ ತಿಕ್ಕಬೇಡಿ. ಅದರ ಚೂರು ಕಾಂಕ್ರೀಟಿನಲ್ಲಿ ಸಿಕ್ಕಿಕೊಂಡು ವಾರದಲ್ಲಿ ತುಕ್ಕಿನ ಚುಕ್ಕೆ ಬೀಳುತ್ತದೆ. ರೆಡ್ ಆಕ್ಸೈಡ್ ನೆಲ ಇದ್ದರೆ ಸೋಡಾ ಹಾಕುವ ಮೊದಲು ಮಂಚದ ಕೆಳಗಿನ ಮೂಲೆಯಲ್ಲಿ ಹಾಕಿ ನೋಡಿ, ಮೇಣದ ಹೊಳಪು ಹೋಗಿಬಿಡಬಹುದು. ಕಲೆಯ ಮೇಲೆ ಹಾಗೇ ಸಿಮೆಂಟ್ ಹಾಲು ಬಳಿಯುವುದು, ಟೈಲ್ಸ್ ಅಂಟಿಸುವುದು ಕೂಡ ವ್ಯರ್ಥ. ಜಿಡ್ಡಿನ ಮೇಲೆ ಯಾವುದೂ ಹಿಡಿಯುವುದಿಲ್ಲ, ವರ್ಷದೊಳಗೆ ಟೊಳ್ಳು ಶಬ್ದ ಬರುತ್ತದೆ.

ಎಣ್ಣೆ ಕುಡಿದ ಹೊಟ್ಟು, ಮಣ್ಣು ಎಲ್ಲಿ ಹಾಕಬೇಕು ಅಂತ ಜನ ಕೇಳುತ್ತಾರೆ. ಚರಂಡಿಗೆ ಮಾತ್ರ ಬೇಡ. ಅಡುಗೆ ಎಣ್ಣೆಯ ಮರದ ಹೊಟ್ಟನ್ನು ನಾವು ನೀರೊಲೆಗೆ ಹಾಕುತ್ತೇವೆ, ಚೆನ್ನಾಗಿ ಉರಿಯುತ್ತದೆ. ಅಗಸೆ ಎಣ್ಣೆ ಹೀರಿದ ಹೊಟ್ಟನ್ನೂ ಬಟ್ಟೆಯನ್ನೂ ಚೀಲದಲ್ಲಿ ತುಂಬಿ ಇಡಬೇಡಿ. ಗಾಳಿ ತಾಗಿ ಒಳಗೊಳಗೇ ಬಿಸಿ ಏರಿ, ಕಡ್ಡಿ ಗೀರದೆಯೇ ಹೊತ್ತಿಕೊಳ್ಳಬಹುದು. ಹುಚ್ಚೆಳ್ಳಿನದನ್ನೂ ನಾನು ಗುಡ್ಡೆ ಹಾಕದೆ, ಬಯಲಿನಲ್ಲಿ ತೆಳ್ಳಗೆ ಹರಡಿ ಒಣಗಿಸಿ ಆಮೇಲೆ ಒಲೆಗೆ ಹಾಕುತ್ತೇನೆ. ಎಂಜಿನ್ ಆಯಿಲ್ ಹೀರಿದ್ದನ್ನು ಒಲೆಗೂ ಹಾಕಬೇಡಿ, ತೋಟಕ್ಕೂ ಹಾಕಬೇಡಿ. ಬಳಸಿದ ಎಂಜಿನ್ ಆಯಿಲ್ 2016ರ ಕೇಂದ್ರ ಸರ್ಕಾರದ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹೊಟ್ಟು, ಮಣ್ಣನ್ನು ಗಟ್ಟಿ ಚೀಲದಲ್ಲಿ ಕಟ್ಟಿ, ಕಸದ ಗಾಡಿಯವರಿಗೆ ಏನು ಅಂತ ಹೇಳಿಯೇ ಬೇರೆಯಾಗಿ ಕೊಡಿ.

ಇನ್ನು ಬೈಕ್ ಸೋರುತ್ತಿದ್ದರೆ ಮೊದಲು ಅದನ್ನು ನೋಡಿಸಿ. ಬಹಳ ಸಲ ಡ್ರೈನ್ ಬೋಲ್ಟಿನ ವಾಷರ್ ಅಥವಾ ಗೇರ್ ಹತ್ತಿರದ ಆಯಿಲ್ ಸೀಲ್ ಹೋಗಿರುತ್ತದೆ, ಎರಡೂ ಚಿಕ್ಕ ರಿಪೇರಿ. ಅಲ್ಲಿಯವರೆಗೆ ಎಂಜಿನ್ ಕೆಳಗೆ ಹಳೇ ತಗಡಿನ ಟ್ರೇ ಇಟ್ಟು ಮೇಲೆ ಒಂದು ಹಿಡಿ ಮರಳು ಹಾಕಿ. ನಾವು ಗಾಣದ ಬಾಯಿ ಕೆಳಗೂ, ಟಿನ್ ತುಂಬುವ ಜಾಗದಲ್ಲೂ ಅಂಚು ಮಡಿಸಿದ ತಗಡಿನ ಟ್ರೇ ಮಾಡಿಸಿದ್ದೇವೆ. ಷಟರ್ ಪಕ್ಕದಲ್ಲಿ ನಾರಿನ ಪುಡಿಯ ಒಂದು ಡ್ರಮ್ ಸದಾ ತುಂಬಿರುತ್ತದೆ, ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಕಸದ ಮೊರ.